ಏಳು ಕುಟುಂಬ, ಒಂದೇ ಅಶೋಕ

ಮುಟ್ಟಿನಲ್ಲಿ ರಕ್ತ ಹೆಚ್ಚು ಹೋದರೂ ಅಶೋಕಾರಿಷ್ಟ, ಬಿಳಿ ಹೋದರೂ ಅಶೋಕಾರಿಷ್ಟ, ಮುಟ್ಟು ತಪ್ಪಿದರೂ ಅದೇ ಬಾಟಲಿ. ನಮ್ಮ ಬೀದರ್ ಜಿಲ್ಲೆಯ ಚಿದ್ರಿಯಿಂದ ಔರಾದಿನವರೆಗೆ ಪುರಾವೆ ಕೇಳಿ ನೋಡಿ, ‘ನಮ್ಮ ನೆಗೆಣ್ಣಿಗಿ ಆರಾಮ ಆಗ್ಯಾದಲ್ರೀ’ ಎನ್ನುತ್ತಾರೆ. ಆರಾಮಾದದ್ದು ದವಾದಿಂದಲೋ, ಮೂರು ತಿಂಗಳು ಕಳೆದದ್ದರಿಂದಲೋ ಎಂದು ಮತ್ತೆ ಕೇಳಿದವರಿಗೆ ಆ ಮನೆಯಲ್ಲಿ ಚಹಾ ಸಿಗುವುದಿಲ್ಲ.

ಸರ್ಕಾರವೂ ನೆಗೆಣ್ಣಿಗಿಂತ ಕಟುವಲ್ಲ. ‘ಭೈಷಜ್ಯ ರತ್ನಾವಳಿ’ಯಂಥ ಆಯುರ್ವೇದ ಗ್ರಂಥದಲ್ಲಿದ್ದಂತೆ ತಯಾರಿಸಿ, ಅಲ್ಲಿ ಹೇಳಿದ ರೋಗಕ್ಕೇ ಮಾರುವುದಾದರೆ ಲೈಸೆನ್ಸಿಗೆ ರೋಗಿಗಳ ಮೇಲಿನ ಪ್ರಯೋಗ ಬೇಕಿಲ್ಲ. ಶ್ಲೋಕವೇ ಸಾಕ್ಷಿ.

ಇರಲಿ, ಶ್ಲೋಕವನ್ನು ನಂಬೋಣ. ಶ್ಲೋಕ ಹೇಳುವ ಅಶೋಕದ ತೊಗಟೆ ಬಾಟಲಿಯಲ್ಲಿದೆಯೇ? ಹೆಚ್ಚಾಗಿ ದಕ್ಷಿಣದ 25 ಅಂಗಡಿಗಳಿಂದ ಅಶೋಕದ ತೊಗಟೆ ತಂದು ಡಿಎನ್‌ಎ ಪರೀಕ್ಷೆ ಮಾಡಿದ ವಿಜ್ಞಾನಿಗಳು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 80ಕ್ಕೂ ಹೆಚ್ಚು ನಕಲಿ. ಕನಿಷ್ಠ 7 ಸಸ್ಯಕುಟುಂಬಗಳ ಸರಕು ಅದರೊಳಗಿತ್ತು; ಒಂದೇ ರೇಷನ್ ಕಾರ್ಡಿನಲ್ಲಿ ಏಳು ಕುಟುಂಬ ಅಕ್ಕಿ ಎತ್ತಿದ ಹಾಗೆ. ಅಸಲಿ ಅಶೋಕ ಪಶ್ಚಿಮ ಘಟ್ಟದಲ್ಲೇ ವಿರಳವಾಗಿದೆ. ನಮ್ಮ ಕೆಂಪು ಕಲ್ಲಿನ ನೆಲದಲ್ಲಿ ಅಶೋಕ ಎಂದರೆ ಕಚೇರಿ ಕಾಂಪೌಂಡಿನ ಉದ್ದನೆಯ ಮರ. ಅದು ಬೇರೆಯೇ ಜಾತಿ, ಆದರೆ ಅದರ ತೊಗಟೆ ಅಸಲಿಯ ಜಾಗಕ್ಕೆ ಬರುವುದು ಹಳೆಯ ಕಸುಬು.

ನಡೆದ ಪ್ರಯೋಗಗಳೂ ಸಣ್ಣವು. ದೊಡ್ಡದನ್ನು ನಡೆಸಲು ಮೊದಲು ಅಸಲಿ ತೊಗಟೆ ಸಿಗಬೇಕಲ್ಲ! ಬಾಟಲಿಯಲ್ಲಿ ಖಾತ್ರಿಯಾಗಿ ಇರುವುದೆಂದರೆ ಹುದುಗುವಾಗ ತಾನಾಗಿ ಹುಟ್ಟಿದ ಶೇ. 5ರಿಂದ 10ರಷ್ಟು ಮದ್ಯಸಾರ. ಬಿಯರಿಗೆ ಕಮ್ಮಿಯಿಲ್ಲ. ಪಾಪ, ಮಗನ ಕುಡಿತಕ್ಕೆ ಶಾಪ ಹಾಕುವ ಅತ್ತೆಯೇ ಸೊಸೆಗೆ ಚಮಚದಲ್ಲಿ ಅಳೆದು ಕೊಡುತ್ತಾಳೆ.

‘ಮುಟ್ಟಿನ ತೊಂದರೆ ಸರಿಪಡಿಸುತ್ತೇವೆ’ ಎಂಬ ಔಷಧಿ ಜಾಹೀರಾತನ್ನು 1954ರ ಕಾಯ್ದೆ ನಿಷೇಧಿಸಿದೆ. ಗೋಡೆಗೆ ಬಣ್ಣ ಬಳಿಯುವವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇತ್ತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15–49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ತಿಂಗಳುಗಟ್ಟಲೆ ರಕ್ತ ಹೋದರೂ ಹಿಮೋಗ್ಲೋಬಿನ್ ನೋಡುವುದು ಬಾಟಲಿ ಮುಗಿದ ಮೇಲೆ. ಮುಟ್ಟು ನಿಂತು ವರ್ಷಗಳಾದವಳಿಗೆ ಮತ್ತೆ ರಕ್ತ ಕಂಡರೂ, ಅದು ಕ್ಯಾನ್ಸರಿನ ಸುಳಿವಾಗಿರಬಹುದಾದರೂ, ಮೊದಲು ಇನ್ನೊಂದು ಬಾಟಲಿ.

ದವಾಖಾನೆಗೆ ಹೋದರೆ? ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ ಎಂದು ಹೋದ ತಾಂಡಾದ ಹೆಂಗಸರ ಗರ್ಭಕೋಶವನ್ನೇ ಖಾಸಗಿ ಆಸ್ಪತ್ರೆಗಳಲ್ಲಿ ತೆಗೆದ ಕಥೆ ನೆರೆಯ ಕಲಬುರಗಿಯಲ್ಲಿ 2015ರ ಹೊತ್ತಿಗೆ ಹೊರಬಿತ್ತು. ಅಲ್ಲಿ ಶ್ಲೋಕದ ಬದಲು ಸ್ಕ್ಯಾನಿಂಗ್ ಚೀಟಿ ತೋರಿಸಿದ್ದರು.