ರಾಜಿರಾಯರು

ಕೊಳ್ಳೇಗಾಲ ಸೀಮೆಯ ಕಚೇರಿಗಳಲ್ಲಿ ಕಾಗದಕ್ಕೆ, ಕುರ್ಚಿಗೆ, ಕೆಲವೊಮ್ಮೆ ಕೆಲಸಕ್ಕೂ ಕೊರತೆಯುಂಟಾದೀತೇ ಹೊರತು, ಜಗಳವಾಡುವ ಇಬ್ಬರು ಗುಮಾಸ್ತರಿಗೂ ಅವರ ನಡುವೆ ಬಂದು ಕೂರುವ ಒಬ್ಬ ಹಿರಿಯರಿಗೂ ಎಂದೂ ಕೊರತೆಯುಂಟಾಗದು. ಸೇವಾಪುಸ್ತಕದಲ್ಲಿ ಬೇರೊಂದು ನಾಮಧೇಯವಿದ್ದರೂ, ಜವಾನನಿಂದ ಸಾಹೇಬರವರೆಗೆ ಸಕಲರ ಬಾಯಲ್ಲಿಯೂ ರಾಜಿರಾಯರೆಂದೇ ಪ್ರಸಿದ್ಧರಾದ ಮಹನೀಯರು ಅಂಥವರಲ್ಲಿ ಅಗ್ರಗಣ್ಯರು. ಅವರು ಸಂಬಳ ಪಡೆಯುವುದು ಶಿರಸ್ತೇದಾರಿಕೆಗೆ, ಬಾಳುತ್ತಿರುವುದು ಸಂಧಾನಕ್ಕಾಗಿ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಕಾರ್ಖಾನೆಯ ತಂಟೆಗಳಿಗೆ ಸಂಧಾನಾಧಿಕಾರಿಯನ್ನು ಕಲ್ಪಿಸಿ, 14 ದಿನಗಳೊಳಗೆ ಆತನು ವರದಿಯೊಪ್ಪಿಸತಕ್ಕದ್ದೆಂದು ವಿಧಿಸಿತಷ್ಟೆ. ರಾಯರ ದೃಷ್ಟಿಯಲ್ಲಿ ಅದು ಉಭಯಪಕ್ಷಗಳ ವಂಶಾವಳಿಯನ್ನು ವಿಚಾರಿಸುವುದಕ್ಕೂ ಸಾಲದ ಅವಧಿ.

ಅವರ ಪದ್ಧತಿಯಾದರೋ ಪರಮ ಶಾಸ್ತ್ರೀಯವಾದುದು. ಮೊದಲು ವಾದಿಯನ್ನು ಏಕಾಂತವಾಗಿ ಟೀ ಅಂಗಡಿಗೆ ಕರೆದೊಯ್ಯುವರು. ಬಳಿಕ ಪ್ರತಿವಾದಿಯನ್ನು, ಅದೇ ಅಂಗಡಿಗೆ. ಒಬ್ಬನು "ಅವನ ಮುಸುಡಿ ನೋಡಿದರೆ ಆಗುವುದಿಲ್ಲ" ಎಂದುದು ರಾಯರ ನಾಲಗೆಯನ್ನು ದಾಟಿ ಮತ್ತೊಬ್ಬನ ಕಿವಿಯನ್ನು ತಲಪುವಷ್ಟರಲ್ಲಿ "ನಿಮ್ಮ ಮುಖ ಕಂಡು ಎಷ್ಟು ದಿನವಾಯಿತೆಂದು ಕೊರಗುತ್ತಿದ್ದಾನೆ ಕಣಯ್ಯಾ" ಎಂಬ ರೂಪವನ್ನು ತಾಳಿರುತ್ತದೆ. ಇಬ್ಬರ ಮೇಜುಗಳೂ ಒಂದಕ್ಕೊಂದು ತಗುಲಿಕೊಂಡೇ ಇರುವ ಕಾರಣ ಈ ಕೊರಗು ತುಸು ಅಸಂಭವವೆಂದು ತೋರಿದರೂ, ಟೀಯ ಹಣವನ್ನು ತೆತ್ತವರು ರಾಯರಾದುದರಿಂದ ಯಾರೂ ಎದುರಾಡುವುದಿಲ್ಲ.

ಒಮ್ಮೆ ಮಹದೇಶ್ವರಬೆಟ್ಟದ ದೀಪಾವಳಿ ಜಾತ್ರೆಯ ವಿಶೇಷ ಕರ್ತವ್ಯಕ್ಕೆ ಯಾರು ಹೋಗತಕ್ಕದ್ದೆಂಬ ವಿಚಾರದಲ್ಲಿ ಹನೂರಿನ ಗುಮಾಸ್ತನಿಗೂ ಯಳಂದೂರಿನ ಗುಮಾಸ್ತನಿಗೂ ಮನಸ್ತಾಪ ಹುಟ್ಟಿತು. ಹಬ್ಬದ ದಿನ ಮನೆಯ ಒಬ್ಬಟ್ಟನ್ನು ತೊರೆದು, ತಾಳಬೆಟ್ಟದಿಂದಾಚೆಯ ತಿರುವುಗಳಲ್ಲಿ ಬಸ್ಸಿನ ಸರಳು ಹಿಡಿದು ತೂಗಾಡುವ ಪುಣ್ಯವನ್ನು ಇಬ್ಬರೂ ಮಹಾ ಔದಾರ್ಯದಿಂದ ಪರಸ್ಪರ ಬಿಟ್ಟುಕೊಡುತ್ತಿದ್ದರು. ಟೀ ಫಲಿಸದಿರಲು ರಾಯರು ಇತಿಹಾಸವನ್ನು ಬಿಚ್ಚಿದರು. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತೆಂದೂ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮಗ್ಗುಲಲ್ಲಿಯೇ ಇದ್ದರೂ ಮೈಸೂರಿನದಾಗಿದ್ದಿತೆಂದೂ, ಅಂಥ ಎರಡು ಸೀಮೆಗಳೇ 1997ರಿಂದ ಚಾಮರಾಜನಗರವೆಂಬ ಒಂದು ಜಿಲ್ಲೆಯೊಳಗೆ ಹೊಂದಿಕೊಂಡು ಬಾಳುತ್ತಿರುವಾಗ, ಒಂದೇ ಫ್ಯಾನಿನ ಕೆಳಗೆ ಕೂರುವ ಇಬ್ಬರು ಒಂದಾಗಲಾರರೇ ಎಂದೂ ಗದ್ಗದಕಂಠದಿಂದ ಕೇಳಿದರು.

"ನಮ್ಮ ಹನೂರು ಕೊಳ್ಳೇಗಾಲ್ದಿಂದ ಬ್ಯಾರ ತಾಲ್ಲೂಕು ಆಗ್ನಿಲ್ವ ಸಾ? ಅದ್ಕ ಯಾನ ಅಂದರಿ?" ಎಂದ ಹನೂರಿನವನು.

ಪೂರ್ವನಿದರ್ಶನವು ಹೀಗೆ ತಮ್ಮ ಮೇಲೆಯೇ ತಿರುಗಿಬಿದ್ದುದನ್ನು ಕಂಡು ರಾಯರು ವಿಚಾರಣೆಯನ್ನು ಮುಂದೂಡುವವರಿದ್ದರು. ಅಷ್ಟರಲ್ಲಿ ಬರಿದಾದ ಲೋಟಗಳನ್ನು ಎತ್ತುತ್ತಿದ್ದ ಜವಾನನು, "ಒಬ್ರು ದೀಪಾವಳಿಗ, ಒಬ್ರು ಶಿವರಾತ್ರಿಗ ಹೋದ್ರ ಆಯ್ತು ಕನ ಸಾ" ಎಂದುಬಿಟ್ಟನು. ಕಕ್ಷಿಗಾರರಿಬ್ಬರೂ ಒಮ್ಮೆಲೇ ತಲೆಯಾಡಿಸಿದರು. ವಿಧಿವತ್ತಾದ ಏಕಾಂತ ಸಂಭಾಷಣೆಗಳಿಲ್ಲದೆ, ಕಣ್ಣೀರಿಲ್ಲದೆ, ಹಸ್ತಲಾಘವವೂ ಇಲ್ಲದೆ ಜರುಗಿದ ಈ ಅನಾಗರಿಕ ಒಡಂಬಡಿಕೆಯನ್ನು ರಾಯರು ಹೇಗೆ ಸಹಿಸಿಯಾರು? ರಾಜಿಪತ್ರವನ್ನು ಸುದೀರ್ಘವಾಗಿ ಬರೆಯಿಸಿ, ಅದರಲ್ಲಿ ತಮ್ಮ ಅವಿಶ್ರಾಂತ ಪ್ರಯತ್ನವನ್ನು ಕಾಣಿಸಿ, ಜವಾನನಿಂದ ಸಾಕ್ಷಿಯ ರುಜುವನ್ನು ಮಾತ್ರ ಹಾಕಿಸಿಕೊಂಡರು.

ಆದರೂ ಆ ಮುಖದಲ್ಲಿ ಕಳೆಯಿರಲಿಲ್ಲ. ಯಳಂದೂರಿನ ಕಚೇರಿಯೊಂದರಲ್ಲಿ ಕಿಟಕಿಯ ಬಾಗಿಲು ತೆರೆದಿರತಕ್ಕದ್ದೋ ಮುಚ್ಚಿರತಕ್ಕದ್ದೋ ಎಂಬ ವಿಷಯವಾಗಿ ಇಬ್ಬರು ಭೂಮಾಪಕರು ಮಾತು ಬಿಟ್ಟಿರುವರೆಂಬ ಸಮಾಚಾರ ಮರುವಾರ ಬಂದಿತು. ರಾಯರು ಅರ್ಧ ದಿನದ ರಜೆಯನ್ನು ಬರೆದಿಟ್ಟು, ಜವಾನನಿಗೆ ಸುಳಿವು ಸಿಗದಂತೆ ಹಿಂಬಾಗಿಲಿನಿಂದ ಹೊರಟು ಬಸ್ಸು ಹತ್ತಿದರು.