ಕೂತ್ಕೊಳ್ಳಿ ಅಂದ್ರೆ ನಿಂತೇ ಇದ್ದೀರಲ್ಲ!

ಮೊನ್ನೆ ಮದುವೆ ಮನೇಲಿ ನಿಮ್ಮನ್ನ ನೋಡ್ದೆ ಕಣ್ರೀ. ಛತ್ರದ ತುಂಬಾ ಕುರ್ಚಿ ಖಾಲಿ ಬಿದ್ದಿದ್ರೂ ಕಂಬಕ್ಕೊರಗಿ ನಿಂತಿದ್ರಿ. ಯಾರೋ ಬಲವಂತವಾಗಿ ಕೂರಿಸಿದ್ರೆ, ಎಡಗಡೆ ಕುಂಡಿ ಮೇಲೆ ಮಾತ್ರ ಭಾರ ಬಿಟ್ಟು ಹಲ್ಲು ಕಚ್ಕೊಂಡು ನಕ್ಕಿರಿ. (ಮುಖ ಸಿಂಡರಿಸ್ಬೇಡಿ. ‘ಪೃಷ್ಠ’ ಅಂತ ಬರೆದ್ರೆ ನೋವು ಕಮ್ಮಿ ಆಗುತ್ತಾ?) ಊಟಕ್ಕೆ ಕೂತಾಗ ಬಾಳಕದ ಮೆಣಸಿನಕಾಯಿ ಬಡಿಸೋಕೆ ಬಂದವನಿಗೆ ಎರಡೂ ಕೈ ಜೋಡಿಸಿದ್ರಲ್ಲ, ಅಲ್ಲೇ ನಂಗೆ ಗೊತ್ತಾಗೋಯ್ತು.

ಏನ್ರೀ ಸಮಾಚಾರ ಅಂದ್ರೆ, ‘ಏನಿಲ್ಲ, ಸ್ವಲ್ಪ ಹೀಟು’ ಅಂದ್ರಿ. ಆಹಾ, ಹೀಟು! ಕಣ್ಣುರಿಯಿಂದ ಹಿಮ್ಮಡಿ ಬಿರುಕಿನವರೆಗೂ ನಮ್ಮ ಕಡೆ ಒಬ್ಬನೇ ಆರೋಪಿ. ಅವನನ್ನ ಹಿಡಿಯೋಕೆ ಎಳನೀರು, ಕಾಮಕಸ್ತೂರಿ ಬೀಜ, ನೆತ್ತಿಗೆ ಹರಳೆಣ್ಣೆ. ಉರಿ ಇರೋದು ಕೆಳಗಡೆ, ಎಣ್ಣೆ ತಟ್ಟಿದ್ದು ಮೇಲ್ಗಡೆ. ಅದು ಇಳಿದು ಬರೋಕೆ ಎಷ್ಟು ದಿನ ಬೇಕು, ನೀವೇ ಹೇಳಿ?

ಹತ್ರ ಬನ್ನಿ, ಮೆಲ್ಲಗೆ ಹೇಳ್ತೀನಿ. ಅದರ ಹೆಸರು ಫಿಷರ್. ಗಟ್ಟಿ ಮಲ ಜಾರುವಾಗ ಗುದದ್ವಾರದ ಒಳಚರ್ಮ ಸೀಳೋದು, ಅಷ್ಟೇ. ನೀವು ಅಂದ್ಕೊಂಡಿರೋ ಮೂಲವ್ಯಾಧಿ ಬೇರೆ, ಅದರಲ್ಲಿ ರಕ್ತನಾಳ ಊದ್ಕೊಳ್ಳುತ್ತೆ, ಸಾಮಾನ್ಯವಾಗಿ ನೋವಿಲ್ದೇನೇ ರಕ್ತ ಬರುತ್ತೆ. ಇದು ಹಾಗಲ್ಲ, ಗಾಜಿನ ಚೂರು ಹೊರಗೆ ಬಂದಂಗೆ. ಆಯುರ್ವೇದದೋರು ‘ಪರಿಕರ್ತಿಕಾ’ ಅಂದ್ರು, ಕತ್ತರೀಲಿ ಕತ್ತರಿಸಿದ ಹಾಗೆ ಅಂತ. (ಹೆಸರಿಟ್ಟ ಪುಣ್ಯಾತ್ಮರಿಗೂ ಒಂದ್ಸಲ ಬಂದಿತ್ತೋ ಏನೋ.)

ಅಷ್ಟು ಚಿಕ್ಕ ಸೀಳು ಯಾಕೆ ವಾಸಿ ಆಗಲ್ಲ ಗೊತ್ತಾ? ಅಲ್ಲೊಂದು ಉಂಗುರದಂಥ ಸ್ನಾಯು ಇದೆ, ನಿಮ್ಮ ಮಾತು ಕೇಳೋ ಜಾತಿಯದಲ್ಲ. ನೋವಾದ ತಕ್ಷಣ ಬಿಗಿದು ಕೂರುತ್ತೆ. ಬಿಗಿದ್ರೆ ರಕ್ತ ಹರಿಯಲ್ಲ, ರಕ್ತ ಹರೀದೆ ಗಾಯ ಮಾಯಲ್ಲ. ಹತ್ತರಲ್ಲಿ ಒಂಬತ್ತು ಸೀಳು ಬೀಳೋದು ಹಿಂಬದಿಯ ನಡುಗೆರೆಯಲ್ಲೇ, ಅಲ್ಲಿಗೆ ಮೊದಲೇ ರಕ್ತದ ಸಪ್ಲೈ ಕಮ್ಮಿ.

ಇದರ ಮೇಲೆ ನಿಮ್ಮ ಬುದ್ಧಿವಂತಿಕೆ ಬೇರೆ. ನೋವಾಗುತ್ತೆ ಅಂತ ಹೋಗೋದನ್ನೇ ನಾಳೆಗೆ ಮುಂದೂಡ್ತೀರಿ. ಒಳಗೆ ಹಾಕದಿದ್ರೆ ಹೊರಗೆ ಬರಲ್ಲ ಅಂತ ರಾತ್ರಿ ಊಟಕ್ಕೂ ಚಕ್ಕರ್. ಆ ಕಡೆ ಮಲ ನೀರು ಬತ್ತಿಸ್ಕೊಂಡು ಕಲ್ಲಾಗ್ತಾ ಇರುತ್ತೆ. ಮೂರನೇ ದಿನ ಬೆಳಿಗ್ಗೆ ಬಾಗಿಲು ಹಾಕ್ಕೊಂಡ ನಿಮ್ಮ ಮುಖ ನಾನು ನೋಡಿಲ್ಲ, ಊಹೆ ಮಾಡಬಲ್ಲೆ.

ಒಳಗೆ ಕೂತಿದ್ದು ಎಷ್ಟು ಹೊತ್ತು? ಐದೇ ನಿಮಿಷ ಅನ್ಬೇಡಿ, ಫೋನ್ ಚಾರ್ಜ್ ಎಷ್ಟು ಇಳಿದಿದೆ ನೋಡಿ. ಪೇಪರ್ ಹಿಡ್ಕೊಂಡು ಹೋಗೋ ಕಾಲದಲ್ಲಿ ಕೊನೇ ಪುಟ ಅಂತ ಒಂದಿತ್ತು. ರೀಲ್ಸಿಗೆ ಎಲ್ಲಿದೆ ಕೊನೇ ಪುಟ? ಫೋನ್ ಹೊರಗಿಡಿ, ಕಾಲಡಿಗೆ ಒಂದು ಪುಟ್ಟ ಮಣೆ ಹಾಕ್ಕೊಳ್ಳಿ, ಕಮೋಡ್ ಮೇಲೇ ಅರ್ಧ ಕುಕ್ಕರುಗಾಲು ಕೂತ ಹಾಗಾಗುತ್ತೆ. ತಿಣುಕಬೇಡಿ.

ಡಾಕ್ಟರ್ ಹತ್ರ ಹೋಗ್ರೀ ಅಂದ್ರೆ ‘ಅಯ್ಯೋ, ತೋರಿಸ್ಬೇಕಲ್ಲ’ ಅಂತೀರಿ. ಬಸ್ ಸ್ಟ್ಯಾಂಡ್ ಗೋಡೇಲಿ ‘ಒಂದೇ ಇಂಜೆಕ್ಷನ್’ ಪೋಸ್ಟರಿನ ಫೋನ್ ನಂಬರನ್ನ ಮಾತ್ರ ಕದ್ದು ಬರ್ಕೊಂಡಿದ್ದೀರಿ. (ನೋಡಿದ್ದೀನಿ, ಬಿಡಿ.) ಡಾಕ್ಟರಿಗೆ ನಿಮ್ಮದು ಆ ದಿನದ ಹತ್ತನೇದೋ ಹನ್ನೆರಡನೇದೋ, ನೆನಪಲ್ಲೂ ಇಟ್ಕೊಳ್ಳಲ್ಲ.

ಅವರು ಬರೆಯೋ ಮುಲಾಮಿನ ಕತೆ ಕೇಳಿ. ಡಿಲ್ಟಿಯಾಜೆಂ 2 ಪರ್ಸೆಂಟ್, ಇಲ್ಲಾ ನಿಫೆಡಿಪಿನ್. ಎರಡೂ ಬಿಪಿ ಮಾತ್ರೆಯ ಮನೆತನದವು, ಇಲ್ಲಿ ಸ್ನಾಯು ಸಡಿಲಿಸೋ ಕೆಲಸಕ್ಕೆ ಬಂದಿವೆ. ಇನ್ನೊಂದಿದೆ, ನೈಟ್ರೋಗ್ಲಿಸರಿನ್. ಹ್ಞಾಂ, ಆಲ್ಫ್ರೆಡ್ ನೊಬೆಲ್ 1867ರಲ್ಲಿ ಪೇಟೆಂಟ್ ಮಾಡಿಸಿದ ಡೈನಮೈಟಿನೊಳಗಿದ್ದದ್ದೇ! ಹೆದರ್ಬೇಡಿ, ಮುಲಾಮಲ್ಲಿರೋದು ಚಿಟಿಕೆಯಷ್ಟು, ಸಿಡಿಯೋದು ತಲೆ ಮಾತ್ರ. (ತಲೆನೋವು ಅದರ ಹೆಸರಾಂತ ಸೈಡ್ ಎಫೆಕ್ಟು. ವಯಾಗ್ರದಂಥದ್ದೇನಾದ್ರೂ ಗುಟ್ಟಾಗಿ ನುಂಗ್ತಿದ್ರೆ ಮೊದಲೇ ಬಾಯಿ ಬಿಡಿ, ಎರಡೂ ಸೇರಿದ್ರೆ ಬಿಪಿ ಪಾತಾಳಕ್ಕಿಳಿಯುತ್ತೆ.)

ಇದನ್ನ ಆರೆಂಟು ವಾರ ಹಚ್ಚಬೇಕು. ನೀವು? ಐದನೇ ದಿನ ನೋವು ತಗ್ಗಿತು, ಟ್ಯೂಬು ಫ್ರಿಜ್ಜಿನ ಮೇಲೆ ಧೂಳು ಹಿಡೀತು, ಸಾಯಂಕಾಲ ಗೋಬಿ ಮಂಚೂರಿ ಗಾಡಿ ಮುಂದೆ ಹಾಜರು. ತಿಂಗಳುಗಟ್ಲೆ ಹೀಗೇ ಎಳೆದಾಡಿ ಗಾಯ ಹಳೇದಾದ್ರೆ ಆಮೇಲೆ ಬೊಟಾಕ್ಸ್ ಇಂಜೆಕ್ಷನ್ (ಸಿನಿಮಾದವರು ಹಣೆಗೆ ಚುಚ್ಚಿಸ್ಕೊಳ್ತಾರಲ್ಲ, ಅದೇ), ಇಲ್ಲಾ ಆ ಬಿಗಿದ ಸ್ನಾಯುವನ್ನೇ ಒಂಚೂರು ಕತ್ತರಿಸೋ ಸಣ್ಣ ಆಪರೇಷನ್. ಬಹುಪಾಲು ಜನಕ್ಕೆ ಅದರಲ್ಲೇ ವಾಸಿ. ಕೆಲವರಿಗೆ ಗಾಳಿ ಮೇಲಿನ ಹಿಡಿತ ಸ್ವಲ್ಪ ತಪ್ಪೋದೂ ಉಂಟು, ಕೇಳಿ ತಿಳ್ಕೊಂಡೇ ಸಹಿ ಹಾಕಿ.

ಅಲ್ಲೀತನಕ ಹೋಗದಿರೋಕೆ ಹೊಟ್ಟೆಗೆ ನಾರು ಬೇಕು, ದಿನಕ್ಕೆ 25–30 ಗ್ರಾಂ. ಸೀಬೆ, ಪರಂಗಿ, ಸೊಪ್ಪಿನ ಸಾರು, ರಾಗಿಮುದ್ದೆ ಎಲ್ಲಾ ಮನೇಲೇ ಇದೆ, ನಿಮಗೆ ಬೇಕರಿ ಪಫ್ಫೇ ಬೇಕು. ಇಸಬ್‌ಗೋಲ್ ಆದ್ರೂ ತಗೊಳ್ಳಿ. ಪಾರಸಿಯಲ್ಲಿ ‘ಕುದುರೆ ಕಿವಿ’ ಅಂತ ಅರ್ಥ, ಬೀಜ ಹಾಗಿರುತ್ತಂತೆ. ಕುದುರೇಗೆ ಕುಡಿಸೋ ಹಾಗೇ ನೀರೂ ಕುಡೀರಿ, ತುಂಬಿದ ಲೋಟ. ಎರಡೇ ಗುಟುಕು ನೀರಲ್ಲಿ ಮುಗಿಸಿದ್ರೆ ಒಳಗೆ ಅಂಟಿನ ಉಂಡೆ ಆಗಿ ಕೂರುತ್ತೆ.

ಒಂದ್ ಮಾತು ಮಾತ್ರ ತಮಾಷೆ ಬಿಟ್ಟು. ನಲವತ್ತೈದು ದಾಟಿದ ಮೇಲೆ ರಕ್ತ ಕಂಡ್ರೆ, ತೂಕ ಇಳೀತಿದ್ರೆ, ಮಲ ಟಾರಿನಂತೆ ಕಪ್ಪಗಿದ್ರೆ ‘ಫಿಷರ್ರೇ ಇರ್ಬೇಕು’ ಅಂತ ನೀವೇ ಡಾಕ್ಟರಾಗಬೇಡಿ. ಒಳಗೆ ಬೇರೆ ಏನೋ ಇರಬಹುದು.

ಇವನಿಗೆ ಇಷ್ಟೆಲ್ಲಾ ಹೇಗೆ ಗೊತ್ತು ಅಂತ ಆಗ್ಲಿಂದ ನಗ್ತಿದ್ದೀರಿ, ಕಾಣ್ತಿದೆ. ಸರಿ, ಒಪ್ಕೊಂಡೆ. ದಿನಕ್ಕೆ ಎರಡು ಮೂರು ಸಲ, ಮುಖ್ಯವಾಗಿ ಬೆಳಗಿನ ಕಾರ್ಯ ಮುಗಿದ ಮೇಲೆ, ಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಕೂರಿ ಅಂದಿದ್ರು ಡಾಕ್ಟರು. ಡೆಟಾಲ್ ಬೇಡ, ಏನೂ ಬೇಡ, ಬರೀ ನೀರು. ನೀಲಿ ಪ್ಲಾಸ್ಟಿಕ್ ಟಬ್ಬೊಂದು ತಂದು ಬಚ್ಚಲ ಬಾಗಿಲ ಹಿಂದೆ ಮಗುಚಿಟ್ಟೆ. ಏನಕ್ಕೆ ಅಂತ ಹೆಂಡತಿ ಕೇಳಿದ್ಲು. ಕಾರ್ ತೊಳೆಯೋಕೆ ಅಂದೆ. (ನಮ್ಮನೇಲಿ ಇರೋದು ಸ್ಕೂಟರು.)

ಅದು ಅವರೆಕಾಯಿ ಕಾಲ. ಊರಿಂದ ಅತ್ತೆ ಬಂದಿದ್ರು. ಒಂದು ಬೆಳಿಗ್ಗೆ ಬಿಸಿನೀರು ಕಾಯಿಸ್ಕೊಂಡು ಬಾಗಿಲ ಹಿಂದೆ ನೋಡ್ತೀನಿ, ಟಬ್ಬಿಲ್ಲ. ಅಡುಗೆ ಮನೇಲಿ ಅತ್ತೆ ಕಾಲು ಚಾಚಿ ಕೂತಿದ್ದಾರೆ, ಮುಂದೆ ನನ್ನ ನೀಲಿ ಟಬ್ಬು, ಅದರ ತುಂಬಾ ರಾತ್ರಿಯೆಲ್ಲಾ ನೆನೆದ ಅವರೆಕಾಳು. ಒಂದೊಂದನ್ನೇ ಹಿತುಕಿ, ಸಿಪ್ಪೆ ಬಿಡಿಸಿ, ಪಾತ್ರೆಗೆ ಹಾಕ್ತಿದ್ದಾರೆ. ‘ಒಳ್ಳೇ ಅಗಲದ ಟಬ್ಬು ತಂದಿದ್ದೀರಿ’ ಅಂದ್ರು ನನ್ನ ನೋಡಿ.

ಮಧ್ಯಾಹ್ನ ಹಿತಕವರೆ ಸಾರಿಗೆ ಮನೆಯೋರೆಲ್ಲಾ ಎರಡೆರಡು ಸಲ ಬಡಿಸ್ಕೊಂಡ್ರು. ಪಕ್ಕದ ಮನೆಗೂ ಒಂದು ಡಬ್ಬಿ ಹೋಯ್ತು. ನಾನು ಮಜ್ಜಿಗೆ ಅನ್ನ ಉಂಡೆ. ಯಾಕೆ ಅಂತ ಕೇಳಿದ್ದಕ್ಕೆ, ಸ್ವಲ್ಪ ಹೀಟು ಅಂದೆ.