ಹಳೆಯ ಪಕ್ಷಿಪಂಡಿತರಂತೆ ಕಾಗದ ಬರೆಯುವ ಕ್ರಮ
(ಅರಸೀಕೆರೆ, ಬೇಲೂರು, ಹಳೇಬೀಡು ವಾಸಿಗಳಿಗೆ ಮಾತ್ರ)

ಬೇಕಾಗುವ ಸಾಮಾನು: ಒಂದು ದಸ್ತು ಕಾಗದ, ಮಸಿ, ಅರಳೆ, ದಾರ, ಪಾಷಾಣ ಬೆರೆಸಿದ ಸಾಬೂನು (ಸ್ನಾನಕ್ಕಲ್ಲ, ಸುಲಿದ ಹಕ್ಕಿಯ ಚರ್ಮಕ್ಕೆ ಹುಳು ಬೀಳದಂತೆ ಒಳಬದಿಗೆ ಹಚ್ಚಲು), ಮತ್ತು ದೂರದೂರಿನಲ್ಲಿ ಒಬ್ಬ ಪಂಡಿತ. ಕಡೆಯದು ಸಿಗುವುದೇ ಕಷ್ಟ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆ ತೊಂದರೆ ಇರಲಿಲ್ಲ. ಅಲನ್ ಆಕ್ಟೇವಿಯನ್ ಹ್ಯೂಮ್ 1872ರಲ್ಲಿ ‘ಸ್ಟ್ರೇ ಫೆದರ್ಸ್’ ಎಂಬ ಪಕ್ಷಿಪತ್ರಿಕೆ ಶುರು ಮಾಡಿ, ದೇಶದ ಮೂಲೆಮೂಲೆಯ ಕಲೆಕ್ಟರು, ಡಾಕ್ಟರು, ಪ್ಲಾಂಟರುಗಳಿಂದ ಕಾಗದ ತರಿಸಿಕೊಳ್ಳುತ್ತಿದ್ದ. ಹಕ್ಕಿಯನ್ನು ಹೇಗೆ ಸುಲಿಯಬೇಕು, ಹೇಗೆ ಕಟ್ಟಿ ಕಳಿಸಬೇಕು ಎಂದು 1874ರಲ್ಲಿ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಿದ. ಈ ಕೈಪಿಡಿ ಅದರ ಬಡ ಸಂಬಂಧಿ.

ಮೇಲ್ಪಂಕ್ತಿ ಬೇಕೆಂದರೆ ಹ್ಯೂಮ್ ಇದ್ದ ಶಿಮ್ಲಾಕ್ಕೆ ಹೋಗಬೇಕಿಲ್ಲ. ಬೇಲೂರಿನ ನೆರೆಯ ಮಂಜರಾಬಾದಿನ ಹಕ್ಕಿಗಳ ಪಟ್ಟಿಯೊಂದನ್ನು ಟೇಲರ್ ಎಂಬಾತ ಅದೇ ಪತ್ರಿಕೆಗೆ ಬರೆದ. 1887ರಲ್ಲಿ ಅಚ್ಚಾಯಿತು. ಆಗ ಹರಿಹರದ ರೈಲು ಅರಸೀಕೆರೆಯನ್ನು ಇನ್ನೂ ಮುಟ್ಟಿರಲಿಲ್ಲ. ಮೈಸೂರು ಸಂಸ್ಥಾನದ ಅಂಚೆಯೂ ಇನ್ನೂ ಬೇರೆಯೇ; ಅದು ಬ್ರಿಟಿಷರ ಅಂಚೆಯೊಳಗೆ ಕರಗಿದ್ದು 1889ರಲ್ಲಿ. ಟೇಲರ್ ತನ್ನ ಬರಹವನ್ನು ‘ತಾತ್ಕಾಲಿಕ ಪಟ್ಟಿ’ ಎಂದು ಕರೆದ. ವಾಟ್ಸಾಪ್‌ನಲ್ಲಿ ಮಸುಕು ಚಿತ್ರ ನೋಡಿ ಅರೆಗಳಿಗೆಯಲ್ಲಿ ತೀರ್ಪು ಕೊಡುವವರು ಈ ಮಾತನ್ನು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಒಕ್ಕಣೆ. ನಮ್ಮ ‘ಉಭಯ ಕುಶಲೋಪರಿ’ ಸಾಕು, ಆದರೆ ಅದರ ಬೆನ್ನಿಗೇ ಏನಾದರೂ ಕೇಳಬೇಕು. ಕೇಳದ ಕಾಗದ ಆ ಕಾಲದ ಕಾಗದವೇ ಅಲ್ಲ. ಚಾರ್ಲ್ಸ್ ಡಾರ್ವಿನ್ 1856ರ ಜನವರಿಯಲ್ಲಿ ಮದ್ರಾಸಿನಲ್ಲಿದ್ದ ವಾಲ್ಟರ್ ಎಲಿಯಟ್‌ಗೆ ಕಾಗದ ಬರೆದು, ಈ ಕಡೆಯ ಸಾಕುಪಾರಿವಾಳ, ಕೋಳಿಗಳ ಚರ್ಮ ಬೇಕೆಂದು ಕೇಳಿದ. ಕೊಟ್ಟ ಎಲಿಯಟ್ ಸಾಮಾನ್ಯನಲ್ಲ. 1824ರ ಕಿತ್ತೂರಿನ ಕಾಳಗದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕು ಬಿಡುಗಡೆಯಾದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಆಮೇಲೆ ಕನ್ನಡ ಶಾಸನಗಳನ್ನು ನಕಲು ಮಾಡಿಸಿ ರಾಶಿ ಹಾಕಿದವನು. 1839ರಲ್ಲಿ ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯನ್ನು ಇಲ್ಲಿನ ಹೆಸರುಗಳ ಸಮೇತ ಪ್ರಕಟಿಸಿದವನು. ಕೇಳುವುದಾದರೆ ಇಂಥವರನ್ನೇ ಕೇಳಬೇಕು.

ಚೀಟಿ. ಇದೇ ಮುಖ್ಯ, ಉಳಿದದ್ದು ಶೃಂಗಾರ. ಹಕ್ಕಿಯ ಕಾಲಿಗೆ ದಾರದಿಂದ ಕಟ್ಟುವ ಚೀಟಿಯಲ್ಲಿ ತಾರೀಖು, ಊರು, ಗಂಡೋ ಹೆಣ್ಣೋ, ಅಳತೆ ಇರಬೇಕು. ಕಣ್ಣು, ಕೊಕ್ಕು, ಕಾಲಿನ ಬಣ್ಣವನ್ನು ತಡಮಾಡದೆ ಬರೆಯಬೇಕು; ಗರಿಯ ಬಣ್ಣ ನೂರು ವರ್ಷ ನಿಂತೀತು, ಕಣ್ಣಿನದು ಸಂಜೆಯವರೆಗೂ ನಿಲ್ಲುವುದಿಲ್ಲ. ಊರಿಲ್ಲದ ಚರ್ಮ ಬರಿ ಗರಿಯ ಕಂತೆ. ಬಂದೂಕಿನ ವಿಧಿಯನ್ನು ಈ ಆವೃತ್ತಿಯಿಂದ ತೆಗೆದುಹಾಕಲಾಗಿದೆ: 1972ರ ವನ್ಯಜೀವಿ ಕಾಯ್ದೆ ಇದೆ, ಜೈಲೂ ಇದೆ. ನೀವು ಫೋಟೊ ತೆಗೆಯಿರಿ. ಚೀಟಿ ಮಾತ್ರ ತಪ್ಪಿಸಬೇಡಿ. ‘ಇದು ಯಾವ ಹಕ್ಕಿ ಸಾರ್?’ ಎಂಬಷ್ಟೇ ಒಕ್ಕಣೆಯ ಚಿತ್ರ ಅರಸೀಕೆರೆ ಕೆರೆಯದೋ ಅಂಟಾರ್ಕ್ಟಿಕಾದ್ದೋ ಯಾರಿಗೆ ಗೊತ್ತು?

ಹಳೇಬೀಡಿನವರಿಗೆ ಎಚ್ಚರಿಕೆ. ದೇವಾಲಯದ ಗೋಡೆಯ ಮಕರಗಳ ಸಾಲನ್ನು ಪಟ್ಟಿಗೆ ಸೇರಿಸಬಾರದು. ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ ಎಂದು ಬರೆದರೆ ಪಂಡಿತ ಮರು ಟಪಾಲಿಗೇ ಚರ್ಮ ಕಳಿಸು ಅನ್ನುತ್ತಾನೆ. ಅದರ ಪಕ್ಕದ ಹಂಸಗಳ ವಿಷಯದಲ್ಲೂ ಮೌನವೇ ಲೇಸು. ದ್ವಾರಸಮುದ್ರದ ಕೆರೆಯ ಏರಿ ಹತ್ತಿದರೆ ನಿಜವಾದ ನೀರುಹಕ್ಕಿಗಳೇ ಸಿಗುತ್ತವೆ.

ನಕಲು ಇಟ್ಟುಕೊಳ್ಳುವುದು. ಹ್ಯೂಮ್ ಇಪ್ಪತ್ತು ವರ್ಷಕ್ಕೂ ಮೀರಿ ಕೂಡಿಟ್ಟ ಹಸ್ತಪ್ರತಿಯ ರಾಶಿಯನ್ನು ಅವನು ಊರಲ್ಲಿಲ್ಲದಾಗ ಯಾರೋ ಶಿಮ್ಲಾ ಬಜಾರಿನಲ್ಲಿ ರದ್ದಿಗೆ ಮಾರಿದರು. ಎಷ್ಟು ಪೊಟ್ಟಣವಾಯಿತೋ! ಮನಸ್ಸು ಮುರಿದು, 1885ರಲ್ಲಿ ಎಂಬತ್ತು ಸಾವಿರದಷ್ಟು ಚರ್ಮ, ಮೊಟ್ಟೆಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ನಿಂತ. ಪಕ್ಷಿ ಬಿಟ್ಟು ಪಕ್ಷ ಹಿಡಿದ ಎಂದು ಬೇಕಾದರೆ ನಗಬಹುದು.

ಸಹಿ. ಇಲ್ಲಿ ಮಾತ್ರ ಆ ದೊಡ್ಡವರನ್ನು ಅನುಸರಿಸಬೇಡಿ. ಗೂಡು ತೋರಿಸಿದವರು, ಬಲೆ ಬೀಸಿದವರು, ಚರ್ಮ ಸುಲಿದವರು, ಪ್ರಾಣಿಯ ಊರಹೆಸರು ಹೇಳಿಕೊಟ್ಟವರು ಅವರ ಕಾಗದಗಳಲ್ಲಿ ಬಹುಪಾಲು ‘ನನ್ನ ಶಿಕಾರಿ’, ‘ಇಲ್ಲಿಯ ಜನ’ ಎಂದಷ್ಟೇ ಉಳಿದರು. ಚರ್ಮಕ್ಕೆ ಅಷ್ಟು ಕರಾರುವಾಕ್ಕಾಗಿ ಚೀಟಿ ಕಟ್ಟಿದ ಕೈಗಳು ಮನುಷ್ಯನಿಗೆ ಕಟ್ಟಲಿಲ್ಲ. ಈ ವಿಷಯದಲ್ಲಿ ಬೇಲೂರು ಶಿಮ್ಲಾಕ್ಕಿಂತ ಮುಂದಿತ್ತು. ಚೆನ್ನಕೇಶವನ ಗುಡಿಯ ಮದನಿಕೆಯೊಂದರ ಮೇಲೆ ಹಣ್ಣಿಗೆ ಕೂತ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ ಕಾಣುತ್ತವೆ. ಹ್ಯೂಮನ ಪತ್ರಿಕೆಗೆ ಕಳಿಸಬಹುದಾದ ಗಮನಿಕೆ ಅದು. ಅಲ್ಲಿನ ಹಲವು ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರಿದೆ, ಊರೂ ಇದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹನ್ನೆರಡನೇ ಶತಮಾನದ ಚೀಟಿ, ಇವತ್ತಿಗೂ ಓದಬಹುದು.

ಆದ್ದರಿಂದ ಗುಡ್ಡದಲ್ಲಿ ಕರಡಿಯ ಹೆಜ್ಜೆ ತೋರಿಸಿದ ಕುರಿಗಾಹಿಯ ಹೆಸರನ್ನೂ ಊರನ್ನೂ ನಿಮ್ಮ ಸಹಿಗಿಂತ ಮೇಲೆ ಬರೆಯಿರಿ. ಬೇಡ ಅಂದರೆ ಬಿಡಿ. ಕೇಳದೆ ಮಾತ್ರ ಬಿಡಬೇಡಿ.